ಪಾವಗಡದಿಂದ ಹೊಳೆಬಾಗಿಲಿಗೆ: ಬಾಡಿಗೆಯ ನೆಲ, ಮುಳುಗಿದ ನೆಲ

ಮೊದಲ ದಿನ: ಮಧುಗಿರಿ ದಾಟಿದ ಮೇಲೆ

ವಿದ್ಯುತ್ ಸರಬರಾಜಿನ ಕೆಲಸದಲ್ಲಿ ಮೂವತ್ತೊಂದು ವರ್ಷ ಕಳೆದು ನಿವೃತ್ತನಾದ ನನಗೆ ಟ್ರಾನ್ಸ್‌ಫಾರ್ಮರಿನಿಂದ ಈಚೆಗಿನ ಲೋಕವಷ್ಟೇ ಗೊತ್ತಿತ್ತು. ಕಂಬ, ಫ್ಯೂಸು, ಮೀಟರು, ಬಿಲ್ಲು, ಬಿಲ್ಲಿನ ಮೇಲಿನ ಜಗಳ. ಕರೆಂಟು ಹುಟ್ಟುವ ಊರುಗಳನ್ನು ನಾನು ನೋಡಿದ್ದು ನಕ್ಷೆಗಳಲ್ಲಿ ಮಾತ್ರ. ನನ್ನ ಹೆಂಡತಿಗಾದರೋ ಅಂಥ ಒಂದು ಊರು ತವರು. ಅವಳ ತಂದೆಯ ಜಮೀನು ಸಾಗರ ತಾಲ್ಲೂಕಿನ ಕರೂರು ಹೋಬಳಿಯಲ್ಲಿ, ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಜಲಾಶಯದ ನೀರಿನಡಿ ಇದೆ. ಅವಳಿಗೆ ಅಲ್ಲಿಗೆ ಹೋಗಬೇಕಿತ್ತು, ನನಗೆ ಪಾವಗಡದ ಸೋಲಾರ್ ಪಾರ್ಕ್ ನೋಡಬೇಕಿತ್ತು. ಎರಡನ್ನೂ ಒಂದೇ ಪ್ರಯಾಣಕ್ಕೆ ಹೆಣೆದು, 2023ರ ಜೂನ್ 16ರ ಶುಕ್ರವಾರ ಬೆಳಿಗ್ಗೆ ಬೆಂಗಳೂರಿನಿಂದ ಪಾವಗಡದ ಬಸ್ಸು ಹಿಡಿದೆವು.

ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಆರಂಭವಾಗಿ ಆಗ ಐದು ದಿನವಾಗಿತ್ತು. ಅವಳು ಆಧಾರ್ ಕಾರ್ಡ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದು, ನಾನು ಚಿಲ್ಲರೆಗಾಗಿ ಜೇಬು ತಡಕುತ್ತಿದ್ದಾಗ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಳು. ಬಸ್ಸಿನಲ್ಲಿ ಮುಕ್ಕಾಲು ಪಾಲು ಹೆಂಗಸರೇ ಇದ್ದರು. ಮರುದಿನ ಶನಿವಾರ, ಅದರ ಮೇಲೆ ಅಮಾವಾಸ್ಯೆ. ಅವರಲ್ಲಿ ಹೆಚ್ಚಿನವರು ಪಾವಗಡದ ಶನಿಮಹಾತ್ಮನ ದರ್ಶನಕ್ಕೆ ಹೊರಟವರೆಂಬುದು ದಾಬಸ್‌ಪೇಟೆ ದಾಟುವ ಹೊತ್ತಿಗೆ ತಿಳಿಯಿತು. ಇದು ಮೊದಲೇ ಹೊಳೆದಿದ್ದರೆ ಆ ರಾತ್ರಿ ನಾವು ಮೂರು ವಸತಿಗೃಹಗಳ ಮೆಟ್ಟಿಲು ಹತ್ತಿ ಇಳಿದು, ನಾಲ್ಕನೆಯದರಲ್ಲಿ ಫ್ಯಾನು ತಿರುಗದ ಕೋಣೆಯೊಂದಕ್ಕೆ ಒಪ್ಪಿಕೊಳ್ಳಬೇಕಾಗಿರಲಿಲ್ಲ. ಪಾವಗಡಕ್ಕೆ ಹೋಗುವವರು ಶನಿವಾರದ ಆಸುಪಾಸನ್ನು ಬಿಟ್ಟು ಹೋಗುವುದೇ ಒಳ್ಳೆಯದು, ದೇವರನ್ನೇ ನೋಡಲು ಹೋಗುವವರ ಮಾತು ಬೇರೆ.

ಕೊರಟಗೆರೆಯವರೆಗೆ ಅಲ್ಲಲ್ಲಿ ಅಡಿಕೆ, ತೆಂಗು ಕಾಣುತ್ತವೆ. ಮಧುಗಿರಿಯ ಏಕಶಿಲಾ ಬೆಟ್ಟ ಬೆನ್ನ ಹಿಂದೆ ಸರಿದ ಮೇಲೆ ನೆಲದ ಬಣ್ಣವೇ ಬದಲಾಗುತ್ತದೆ. ಕೆಂಪು ಮಣ್ಣು, ಬಂಡೆಗಳನ್ನು ಪೇರಿಸಿಟ್ಟಂತಿರುವ ಗುಡ್ಡಗಳು, ಜಾಲಿ, ಹುಣಸೆ, ಉತ್ತು ಬಿತ್ತದೆ ಬಿಟ್ಟ ಹೊಲಗಳು. ಆ ಸಲ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ, ವಾರ ತಡವಾಗಿ. ಅರಬ್ಬಿ ಸಮುದ್ರದಲ್ಲಿ ಎದ್ದ ಬಿಪರ್‌ಜಾಯ್ ಚಂಡಮಾರುತ ನಮ್ಮ ಕಡೆಯ ತೇವವನ್ನೆಲ್ಲ ತನ್ನತ್ತ ಎಳೆದುಕೊಂಡು, ನಾವು ಹೊರಡುವ ಹಿಂದಿನ ಸಂಜೆಯಷ್ಟೇ ಗುಜರಾತಿನ ಜಖೌ ಬಂದರಿನ ಬಳಿ ದಡ ಸೇರಿತ್ತು. ರಾತ್ರಿ ಊಟದ ಹೋಟೆಲಿನ ಟಿವಿಯಲ್ಲಿ ಕಚ್ಛಿನ ಮುರಿದ ವಿದ್ಯುತ್ ಕಂಬಗಳ ಸಾಲುಗಳನ್ನು ತೋರಿಸುತ್ತಿದ್ದರು. ಅಷ್ಟು ಕಂಬಗಳನ್ನು ಮತ್ತೆ ನಿಲ್ಲಿಸುವ ಲೈನ್‌ಮನ್ನುಗಳ ಕಷ್ಟ ನೆನೆದು ನನಗೆ ಮುದ್ದೆ ಇಳಿಯಲಿಲ್ಲ ಎಂದರೆ ಅದು ಸುಳ್ಳು. ಕಡಲೆಕಾಯಿ ಚಟ್ನಿಯ ಜೊತೆ ಎರಡು ಮುದ್ದೆ ಉಂಡೆ. ಮೇಜಿನ ಮೇಲಿನ ಜಗ್ಗಿನ ನೀರಿಗೆ ಕೈ ಹಾಕಿದಾಗ ಬಡಿಸುವ ಹುಡುಗ ತಡೆದು, ಮೂಲೆಯಲ್ಲಿದ್ದ ಕ್ಯಾನಿನ ನೀರು ತಂದುಕೊಟ್ಟ. ಇಲ್ಲಿ ಬೋರ್‌ವೆಲ್ಲಿನ ನೀರಿನಲ್ಲಿ ಫ್ಲೋರೈಡ್ ಇದೆ, ಊರಿನವರೇ ಶುದ್ಧೀಕರಣ ಘಟಕದಿಂದ ಕೊಡ ತುಂಬಿ ತರುತ್ತಾರೆ ಎಂದು ಅವನು ಕನ್ನಡ ತೆಲುಗು ಬೆರೆಸಿ ಹೇಳಿದ.

ಎರಡನೆಯ ದಿನ: ತಿರುಮಣಿ

ಆಟೋದವನೊಬ್ಬ ದಿನದ ಬಾಡಿಗೆಗೆ ಒಪ್ಪಿದ. ನಾಗಲಮಡಿಕೆಯ ಅಂತ್ಯ ಸುಬ್ರಹ್ಮಣ್ಯನನ್ನು ನೋಡದೆ ಮುಂದೆ ಹೋಗುವುದು ಸರಿಯಲ್ಲವೆಂಬುದು ಅವನ ಷರತ್ತು. ಕುಕ್ಕೆಯದು ಆದಿ, ಘಾಟಿಯದು ಮಧ್ಯ, ಇಲ್ಲಿಯದು ಅಂತ್ಯ ಎಂಬ ಲೆಕ್ಕ. ಗುಡಿಯ ಪಕ್ಕದ ಉತ್ತರ ಪಿನಾಕಿನಿ ಹಿಂದಿನ ವರ್ಷದ ಮಳೆಯಲ್ಲಿ ದಡ ಮೀರಿ ಹರಿದದ್ದನ್ನು ಅವನು ಕೈ ಎತ್ತಿ ತೋರಿಸಿ ವಿವರಿಸಿದ. ನಾವು ನಿಂತಲ್ಲಿಂದ ಕಾಣುತ್ತಿದ್ದುದು ಮರಳು, ಮುಳ್ಳುಪೊದೆ ಮತ್ತು ಎರಡು ಕತ್ತೆಗಳು.

ತಿರುಮಣಿ ಸಮೀಪಿಸುವಾಗ ದೂರದಲ್ಲಿ ಕೆರೆಯೊಂದು ತುಂಬಿ ನಿಂತಂತೆ ತೋರಿತು. ಹೆಂಡತಿ ‘ನೀರು!’ ಎಂದಳು. ಅದು ಫಲಕಗಳ ಹೊಳಪು. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಈ ಪಾರ್ಕ್ ಹರಡಿದೆ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ, 2019ರ ಡಿಸೆಂಬರಿನ ಹೊತ್ತಿಗೆ ಪೂರ್ಣ ಪ್ರಮಾಣದಲ್ಲಿ ಕೆಲಸ ಮಾಡತೊಡಗಿತು. ಇದನ್ನು ‘ಶಕ್ತಿ ಸ್ಥಳ’ ಎಂದು ಕರೆದಿದ್ದಾರೆ. ಒಳಗಿನ ರಸ್ತೆಗಳೆಲ್ಲ ಒಂದೇ ಬಗೆ: ಎಡಕ್ಕೆ ತಂತಿಬೇಲಿ, ಬಲಕ್ಕೆ ತಂತಿಬೇಲಿ, ಎರಡೂ ಬೇಲಿಗಳಾಚೆ ದಕ್ಷಿಣಕ್ಕೆ ವಾಲಿ ಮಲಗಿದ ನೀಲಿ ಫಲಕಗಳು. ಅರ್ಧ ಗಂಟೆಯೊಳಗೆ ನಮ್ಮ ಸಾರಥಿ ದಾರಿ ತಪ್ಪಿದ. ನನ್ನ ಮೊಬೈಲಿನ ನಕ್ಷೆ ಗೇಟು ಹಾಕಿದ ರಸ್ತೆಯೊಂದರ ಮುಂದೆ ತಂದು ನಿಲ್ಲಿಸಿ, ಇದರೊಳಗೇ ಹೋಗಿರೆಂದು ಹಟ ಹಿಡಿಯಿತು. ಕೊನೆಗೆ ದಾರಿ ತೋರಿದವನು ಕುರಿ ಕಾಯುವ ಮುದುಕ. ತನ್ನ ಮಂದೆ ಹಿಂದೆ ಅಡ್ಡಹಾಯುತ್ತಿದ್ದ ಹೊಲಗಳಿಗೆಲ್ಲ ಈಗ ಬೇಲಿ ಬಿದ್ದಿದೆ, ಒಂದು ಗುಡ್ಡದಿಂದ ಇನ್ನೊಂದಕ್ಕೆ ಹೋಗಲು ಡಾಂಬರು ರಸ್ತೆಯಲ್ಲೇ ಸುತ್ತಿ ಬರಬೇಕು, ಕುರಿಗಳ ಕಾಲು ಸುಡುತ್ತದೆ ಎಂದು ಅವನು ಹೇಳಿದ್ದರಲ್ಲಿ ದೂರಿಗಿಂತ ಲೆಕ್ಕವೇ ಹೆಚ್ಚಿತ್ತು. ಮುಂಚಿಗಿಂತ ಅರ್ಧಕ್ಕರ್ಧ ಕುರಿ ಮಾರಿದ್ದನಂತೆ.

ಈ ಪಾರ್ಕಿನ ವಿಶೇಷವಿರುವುದು ನೆಲವನ್ನು ಪಡೆದ ರೀತಿಯಲ್ಲಿ. ಇಲ್ಲಿ ಜಮೀನನ್ನು ಸ್ವಾಧೀನಪಡಿಸಿಕೊಳ್ಳಲಿಲ್ಲ, ಕೊಳ್ಳಲಿಲ್ಲ. 28 ವರ್ಷಗಳ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ತಿರುಮಣಿಯ ಚಹದಂಗಡಿಯಲ್ಲಿ ಸಿಕ್ಕ ರೈತರೊಬ್ಬರು ಎಂಟು ಎಕರೆ ಕೊಟ್ಟವರು. ಕಡಲೆಕಾಯಿ ಬಿತ್ತಿ, ಮಳೆ ಕೈಕೊಟ್ಟು, ಬೀಜದ ಸಾಲವೂ ಹುಟ್ಟದ ವರ್ಷಗಳನ್ನು ಅವರು ಬೆರಳು ಮಡಚಿ ಎಣಿಸಿದರು. ಎರಡೂ ಕೈಯ ಬೆರಳು ಮುಗಿದರೂ ವರ್ಷಗಳು ಮುಗಿಯಲಿಲ್ಲ. ಮಳೆಗೆ ಕಾಯುವುದು ತಪ್ಪಿತಲ್ಲ, ಅಷ್ಟು ಸಾಕು ಎಂಬುದು ಅವರ ಮಾತು. ಗುತ್ತಿಗೆ ಮುಗಿದ ಮೇಲೆ ಕಾಂಕ್ರೀಟು ಹೂತ ಹೊಲದಲ್ಲಿ ಮಗ ಏನು ಬೆಳೆಯುತ್ತಾನೆಂದು ನಾನು ಕೇಳಿದಾಗ, ಅವನು ಈಗಾಗಲೇ ಬೆಂಗಳೂರಿನಲ್ಲಿದ್ದಾನೆಂದು ನಕ್ಕರು.

ಅದೇ ಅಂಗಡಿಯ ಬೆಂಚಿನ ತುದಿಯಲ್ಲಿ ಕುಳಿತಿದ್ದ ಹೆಂಗಸಿನ ಬಳಿ ನನ್ನ ಹೆಂಡತಿ ಮಾತಿಗೆ ಕುಳಿತಳು. ಆಕೆಗೆ ಸ್ವಂತ ಜಮೀನಿಲ್ಲ. ಇವರ, ಇವರಂಥ ಇತರರ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕಿದವಳು. ಹೊಲದ ಒಡೆಯನಿಗೆ ಬಾಡಿಗೆ ಬಂತು. ಕಳೆ ಕೀಳುವವಳಿಗೆ ಬಾಡಿಗೆ ಕೊಡುವವರು ಯಾರು? ಫಲಕಗಳ ಕೆಳಗೆ ಹುಲ್ಲು ಬೆಳೆದಾಗ ಕೊಯ್ಯಲು, ದೂಳು ಕೂತಾಗ ಒರೆಸಲು ಗುತ್ತಿಗೆದಾರರು ಕರೆಯುತ್ತಾರೆ. ಆದರೆ ಹುಲ್ಲು ಬೆಳೆಯಲೂ ಮಳೆ ಬರಬೇಕಷ್ಟೆ. ತಾತನ ಹೆಸರಿನಲ್ಲೇ ಉಳಿದ ಪಹಣಿ, ಕಾಗದವಿಲ್ಲದೆ ತಲೆಮಾರುಗಳಿಂದ ಉಳುತ್ತಿದ್ದ ಸರ್ಕಾರಿ ಜಮೀನು, ಇವುಗಳ ತೊಡಕಿನಲ್ಲಿ ಬಾಡಿಗೆ ಸಿಗದವರೂ ಇದ್ದಾರೆಂದು ಆಕೆ ಹೇಳಿದಾಗ ನನ್ನ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಾದಳು. ಪಹಣಿ ಎಂಬ ಶಬ್ದ ಕೇಳಿದರೆ ಅವಳ ತವರಿನಲ್ಲಿ ಎಲ್ಲರೂ ಹೀಗೆಯೇ ಸುಮ್ಮನಾಗುತ್ತಾರೆ.

ಮಧ್ಯಾಹ್ನ ಒಂದರ ಬಿಸಿಲಿನಲ್ಲಿ ಬೇಲಿಯ ಪಕ್ಕ ನಿಂತಾಗ ನನ್ನೊಳಗಿನ ಹಳೆಯ ನೌಕರ ಎಚ್ಚೆತ್ತ. ಫಲಕಕ್ಕೆ ಬೆಳಕು ಬೇಕು, ಬಿಸಿ ಬೇಡ. ಅದರ ಮೈ 25 ಡಿಗ್ರಿಗಿಂತ ಮೇಲೇರಿದಂತೆ ಪ್ರತಿ ಡಿಗ್ರಿಗೆ ಶೇ 0.4ರ ಆಸುಪಾಸಿನಷ್ಟು ಉತ್ಪಾದನೆ ಇಳಿಯುತ್ತದೆ. ಇಂಥ ಮಧ್ಯಾಹ್ನ ಫಲಕದ ಮೈ 60 ಡಿಗ್ರಿ ಮುಟ್ಟಿದರೆ ಏಳರಲ್ಲೊಂದು ಪಾಲು ಕರೆಂಟು ಹೀಗೇ ಸೋರಿಹೋಯಿತೆಂದು ಅರ್ಥ. ಬರ ತರುವ ಆಕಾಶವೇ ಫಲಕಕ್ಕೆ ಅನ್ನ ಕೊಡುತ್ತದೆ, ಅದೇ ಆಕಾಶ ಅತಿಯಾದರೆ ಆ ಅನ್ನದಲ್ಲಿ ಒಂದು ತುತ್ತು ಕಿತ್ತುಕೊಳ್ಳುತ್ತದೆ. ಫಲಕಗಳು ಬಂದ ಮೇಲೆ ಊರಿನಲ್ಲಿ ಸೆಕೆ ಹೆಚ್ಚಿದೆಯೆಂದು ನಾವು ಮಾತನಾಡಿಸಿದವರಲ್ಲಿ ಎಲ್ಲರೂ ಹೇಳಿದರು. ಅವರ ಅನುಭವವನ್ನು ಅಲ್ಲಗಳೆಯುವ ಉಪಕರಣ ನನ್ನ ಬಳಿ ಇರಲಿಲ್ಲ, ನನ್ನ ಅಂಗಿಯಂತೂ ಅವರ ಪರವಾಗಿಯೇ ಇತ್ತು.

ನಾವು ಅಲ್ಲಿದ್ದಾಗಲೇ ಊರಿನಲ್ಲಿ ಕರೆಂಟು ಹೋಯಿತು. ಚಹದಂಗಡಿಯವನು ನನ್ನ ಹಿನ್ನೆಲೆ ತಿಳಿದಿದ್ದರಿಂದ, ಇಷ್ಟೊಂದು ಕರೆಂಟು ಇಲ್ಲೇ ಹುಟ್ಟುವಾಗ ನಮಗೇಕಿಲ್ಲ ಎಂದು ನೇರವಾಗಿ ನನ್ನನ್ನೇ ಕೇಳಿದ. ಇಲ್ಲಿ ಹುಟ್ಟಿದ್ದು 400 ಕಿಲೋವೋಲ್ಟಿನ ಗೋಪುರಗಳ ಮೇಲೆ ದೂರ ಹೋಗುತ್ತದೆ, ನಿಮ್ಮ ಊರಿಗೆ ಬರುವುದು ಬೇರೊಂದು ಉಪಕೇಂದ್ರದ ಸಣ್ಣ ತಂತಿಯಲ್ಲಿ, ದೊಡ್ಡ ಕಾಲುವೆಯಿಂದ ಬೊಗಸೆ ನೀರು ಎತ್ತಲಾಗದು ಎಂದು ಉತ್ತರಿಸಿದೆ. ತಾಂತ್ರಿಕವಾಗಿ ಉತ್ತರ ಸರಿಯಾಗಿತ್ತು. ಅವನು ಚಹದ ದುಡ್ಡನ್ನು ಎಣಿಸಿ ಒಳಗಿಟ್ಟ.

ಮೂರನೆಯ ದಿನ: ಮಾರಿಕಣಿವೆ

ಭಾನುವಾರ ಮುಂಜಾನೆ ಚಳ್ಳಕೆರೆಯ ಬಸ್ಸು ಹತ್ತಿದೆವು. ಕ್ಯಾಲೆಂಡರಿನಲ್ಲಿ ಮಣ್ಣೆತ್ತಿನ ಅಮಾವಾಸ್ಯೆ. ಮಣ್ಣಿನ ಎತ್ತು ಮಾಡಿ ಪೂಜಿಸುವ ಹೊತ್ತಿನಲ್ಲಿ ಎರೆಯ ಹೊಲವಾಗಲಿ ಕೆಂಪು ಹೊಲವಾಗಲಿ ಹದವಾಗಿರಲಿಲ್ಲ. ಚಳ್ಳಕೆರೆ ನಿಲ್ದಾಣದ ಮುಂದೆ ಮಂಡಕ್ಕಿ ಒಗ್ಗರಣೆಯನ್ನೂ ಖಾರದ ಮಿರ್ಚಿಯನ್ನೂ ತಿಂದು ಹಿರಿಯೂರಿನ ಬಸ್ಸಿಗೆ ಕಾಯುವಾಗ ಎದುರಿನ ಸೈಬರ್ ಅಂಗಡಿಯಲ್ಲಿ ಉದ್ದನೆಯ ಸಾಲು ಕಂಡಿತು. ತಿಂಗಳಿಗೆ 200 ಯೂನಿಟ್ಟಿನವರೆಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿಗೆ ನೋಂದಣಿ ಆರಂಭವಾದದ್ದು ಆ ದಿನವೇ. ಸಾಲಿನಲ್ಲಿದ್ದವರು ಹಿಡಿದ ಬಿಲ್ಲುಗಳ ಮೇಲಿನ ಖಾತೆ ಸಂಖ್ಯೆಯನ್ನು ಹುಡುಕಿಕೊಡುತ್ತ ನಾನು ಒಂದು ಬಸ್ಸು ತಪ್ಪಿಸಿದೆ. ಹೆಂಡತಿ ಅದನ್ನು ಇಂದಿಗೂ ಕ್ಷಮಿಸಿಲ್ಲ.

ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಮೈಸೂರು ಸಂಸ್ಥಾನ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವನ್ನು ಸುತ್ತಲಿನವರು ಕಣಿವೆ ಮಾರಮ್ಮನ ನೆನಪಿನಲ್ಲಿ ಮಾರಿಕಣಿವೆ ಎಂದೇ ಕರೆಯುತ್ತಾರೆ. 30 ಟಿಎಂಸಿ ಅಡಿಯಷ್ಟು ನೀರು ಹಿಡಿಯಬಲ್ಲ ಈ ಜಲಾಶಯ 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ, ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಬಳಿಕ. ಅಜ್ಜಂದಿರು ಹೇಳಿದ್ದನ್ನು ಮೊಮ್ಮಕ್ಕಳು ನೋಡಿದರು. ಕಟ್ಟೆಯ ಬಳಿ ಸೌತೆಕಾಯಿ ಮಾರುತ್ತಿದ್ದ ಹಿರಿಯರೊಬ್ಬರು ಆ ವಾರವೆಲ್ಲ ಜಾತ್ರೆಯಂತೆ ಜನ ಸೇರಿದ್ದನ್ನು ವರ್ಣಿಸಿ, ಕೂಡಲೇ ದನಿ ತಗ್ಗಿಸಿ, ಹಿರಿಯೂರಿನಲ್ಲಿ ತಂಗಿಯ ಮನೆಗೆ ನೀರು ನುಗ್ಗಿದ್ದನ್ನೂ ಹೇಳಿದರು. ಮೇಲ್ಗಡೆ ಹೊಸದುರ್ಗದ ಹಿನ್ನೀರಿನ ಅಂಚಿನ ತೋಟಗಳಲ್ಲಿ ನೀರು ನಿಂತಿತ್ತಂತೆ. ಮೂರು ತಲೆಮಾರು ನೀರು ಮುಟ್ಟದ ಜಾಗವನ್ನು ಜನ ನೆಲವೆಂದೇ ನಂಬಿ ಮನೆ ಕಟ್ಟಿ, ತೋಟ ಮಾಡಿರುತ್ತಾರೆ. ನಾವು ಹೋದಾಗ ಹಿಂದಿನ ವರ್ಷದ ನೀರು ಇನ್ನೂ ಧಾರಾಳವಾಗಿತ್ತು; ಪಾವಗಡದ ಮರಳು ನೋಡಿದ ಕಣ್ಣಿಗೆ ಅದು ನಂಬಲಾಗದ ನೀಲಿ.

ಚಿತ್ರದುರ್ಗ ತಲುಪಿದಾಗ ಸಂಜೆ. ಜೋಗಿಮಟ್ಟಿಯ ಕಡೆಯ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ಭರದಿಂದ ತಿರುಗುತ್ತಿದ್ದವು. ಮಳೆ ತರದಿದ್ದರೂ ನೈರುತ್ಯದ ಗಾಳಿ ಮಾತ್ರ ತನ್ನ ತಿಂಗಳನ್ನು ಮರೆತಿರಲಿಲ್ಲ. ಬಿಸಿಲು ಮುಗಿದ ಮೇಲೂ ಬೀಸುವ ಈ ಗಾಳಿಯಿಂದಾಗಿಯೇ ಮುಂಗಾರಿನ ತಿಂಗಳುಗಳಲ್ಲಿ ರಾಜ್ಯದ ಸಂಜೆಗಳು ಎಷ್ಟೋ ಹಗುರವಾಗುತ್ತವೆಂದು ಹೆಂಡತಿಗೆ ವಿವರಿಸಿದೆ. ಅವಳು ಸೆರಗು ಹಿಡಿದುಕೊಳ್ಳುವುದರಲ್ಲಿ ಮಗ್ನಳಾಗಿದ್ದಳು.

ನಾಲ್ಕನೆಯ ದಿನ

ಚಿತ್ರದುರ್ಗದಿಂದ ಶಿವಮೊಗ್ಗಕ್ಕೆ, ಅಲ್ಲಿಂದ ಆನಂದಪುರದ ಮೇಲೆ ಸಾಗರಕ್ಕೆ. ಇಡೀ ದಿನ ಬಸ್ಸಿನಲ್ಲೇ ಕಳೆಯಿತು. ಮಲೆನಾಡಿಗೆ ಬಂದರೂ ಮೋಡ ಬರಲಿಲ್ಲ. ಭಾವಮೈದುನನ ಮನೆಯಲ್ಲಿ ಹಲಸಿನ ಹಣ್ಣಿನ ಕಡುಬು, ತುಪ್ಪ, ಅಪ್ಪೆಹುಳಿ ಕಾದಿದ್ದವು. ಅಪ್ಪೆಹುಳಿಯನ್ನು ಲೋಟದಲ್ಲಿ ಕುಡಿದು ಮಲಗಿದವನಿಗೆ ಬಸ್ಸಿನ ಕುಲುಕಾಟವೆಲ್ಲ ಮರೆತುಹೋಯಿತು. ಊಟದ ಮೊದಲು ಮಾತ್ರ ಒಂದು ಸಂಗತಿ ನಡೆಯಿತು: ಪಾವಗಡದ ಬಾಡಿಗೆಯ ಕಥೆ ಕೇಳಿದ ಭಾವಮೈದುನ ಎದ್ದು ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಅರ್ಜಿಗಳ ಕಟ್ಟನ್ನು ತಂದು ನನ್ನ ಮುಂದಿಟ್ಟ. 1960ರ ದಶಕದ ಆರಂಭದಲ್ಲಿ ಅಣೆಕಟ್ಟಿಗಾಗಿ ಊರು ಬಿಡಿಸಿ ಅವರ ತಂದೆಯನ್ನೂ ಪಾತ್ರೆಪಗಡಗಳನ್ನೂ ದನಗಳನ್ನೂ ಲಾರಿಯಲ್ಲಿ ತಂದು ಇಳಿಸಿದ್ದು ಕಾಡಿನ ಜಾಗದಲ್ಲಿ. ಕಾಡು ಕಡಿದು ಗದ್ದೆ ಮಾಡಿದರು. ಆದರೆ ಆ ಜಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬಿಡಿಸಲು ಕೇಂದ್ರದ ಒಪ್ಪಿಗೆಯೇ ಬೇಕಾಯಿತು. ಪಹಣಿಗಾಗಿ ತಂದೆ ಬರೆದ ಅರ್ಜಿ ಮಸಿಯಲ್ಲಿದೆ, ಮಗನದು ಬಾಲ್‌ಪೆನ್ನಿನಲ್ಲಿ, ಮೊಮ್ಮಗನದು ಕಂಪ್ಯೂಟರಿನಲ್ಲಿ.

ಐದನೆಯ ದಿನ: ಮಡೆನೂರು, ಹೊಳೆಬಾಗಿಲು

1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಗರಿಷ್ಠ ಮಟ್ಟ 1,819 ಅಡಿ. ಆ ಮಟ್ಟದಲ್ಲಿ ಅದು 151 ಟಿಎಂಸಿ ಅಡಿ ನೀರು ಹಿಡಿಯುತ್ತದೆ. ಅದರ ಹೊಟ್ಟೆಯೊಳಗೆ ಅದಕ್ಕಿಂತ ಹಳೆಯದಾದ ಇನ್ನೊಂದು ಅಣೆಕಟ್ಟಿದೆ. ಜೋಗದ ತಳದಲ್ಲಿ 1948ರಲ್ಲಿ ಶುರುವಾದ, ಮುಂದೆ ಮಹಾತ್ಮ ಗಾಂಧಿ ಹೆಸರು ಪಡೆದ 120 ಮೆಗಾವಾಟಿನ ವಿದ್ಯುದಾಗಾರಕ್ಕಾಗಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಅದು. ಮಡೆನೂರು ಡ್ಯಾಂ ಎಂದು ಜನ ಕರೆಯುತ್ತಾರೆ. ಎಂಜಿನಿಯರ್ ಗಣೇಶ ಅಯ್ಯರ್ ಅವರ ವಿನ್ಯಾಸದ ಸೈಫನ್‌ಗಳು ಅದರ ವೈಶಿಷ್ಟ್ಯ: ನೀರು ಮಟ್ಟ ಮೀರಿದರೆ ಗೇಟಿನ ಗೊಡವೆಯಿಲ್ಲದೆ ತಾನಾಗಿ ಹೊರಹೋಗುವ ವ್ಯವಸ್ಥೆ. ಇಪ್ಪತ್ತು ವರ್ಷವೂ ಬಾಳದೆ ಮುಳುಗಿದ ಈ ಕಟ್ಟೆ ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಮಾತ್ರ ಮೇಲೇಳುತ್ತದೆ. ಆ ಜೂನಿನಲ್ಲಿ ಎದ್ದಿತ್ತು.

ಬಾಡಿಗೆಯ ಜೀಪು ನಮ್ಮನ್ನು ಜಲಾಶಯದ ತಳದಲ್ಲೇ ಕೊಂಡೊಯ್ದಿತು. ಬಿರುಕು ಬಿಟ್ಟ ಮಣ್ಣಿನ ಬಯಲು, ಅದರ ನಡುವೆ ಬುಡ ಮಾತ್ರ ಉಳಿದ ಮರಗಳು ಸಾಲಾಗಿ ನಿಂತು ಹಳೆಯ ರಸ್ತೆಯೆಲ್ಲಿತ್ತೆಂದು ತೋರಿಸುತ್ತಿದ್ದವು. ಮೇಲೆ ಒಣಗಿದ ಹಾಗೆ ಕಂಡ ಕೆಸರಿನಲ್ಲಿ ಕಾಲಿಟ್ಟ ಹೆಂಡತಿ ಮೊಣಕಾಲವರೆಗೆ ಹೂತುಹೋದಳು; ಅವಳನ್ನು ಎಳೆದುಕೊಂಡೆವು, ಬಲಗಾಲಿನ ಚಪ್ಪಲಿ ಶರಾವತಿಗೆ ಸಂದಿತು. ನಮಗಿಂತ ಮುಂದೆ ಹೋಗಿದ್ದ ಕಾರೊಂದಕ್ಕೆ ಚಕ್ರವೇ ಹೂತಿತ್ತು. ಅಲ್ಲಿಗೆ ಹೋಗುವವರು ಟೈರಿನ ಹಳೆಯ ಗುರುತು ಬಿಟ್ಟು ಅತ್ತಿತ್ತ ಕಾಲಿಡಬಾರದೆಂದು ಜೀಪಿನವನು ಎಚ್ಚರಿಸಿದ್ದು ಚಪ್ಪಲಿ ಹೋದ ಮೇಲೆ. ಡ್ಯಾಮಿನ ಮೇಲೆ ಮೊಬೈಲು ಹಿಡಿದು ನಗುವ ಹುಡುಗರ ಗುಂಪುಗಳಿದ್ದವು. ಅವರಾಚೆ ಬರಿಗಾಲಿನಲ್ಲಿ ನಿಂತ ನನ್ನ ಹೆಂಡತಿ ಕರೂರಿನ ದಿಕ್ಕು ಯಾವುದೆಂದು ಜೀಪಿನವನನ್ನು ಎರಡು ಸಲ ಕೇಳಿದಳು.

ಹೊಳೆಬಾಗಿಲಿನಲ್ಲಿ ನೀರು ಕಡಿಮೆಯಾದ ಕಾರಣ ಲಾಂಚಿಗೆ ವಾಹನಗಳನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ, ಜನರನ್ನು ಮಾತ್ರ ಸಾಗಿಸುತ್ತಿದ್ದರು. ಪಕ್ಕದಲ್ಲಿ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆಯ ಕಂಬಗಳು ಏಳುತ್ತಿದ್ದವು; ಆ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ನಾಡಿಗೆಲ್ಲ ಬೆಳಕು ಕೊಟ್ಟ ನೀರು ಹಿನ್ನೀರಿನಾಚೆಯ ತುಮರಿ ಕಡೆಯವರ ದಾರಿಯನ್ನು ಆರು ದಶಕ ತಡೆದಿತ್ತು. ಲಾಂಚಿನಲ್ಲಿ ಸಿಕ್ಕ ಶಿಕ್ಷಕರೊಬ್ಬರು ಮಾತನ್ನು ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯತ್ತ ತಿರುಗಿಸಿದರು. ಮೇಲಿನ ತಳಕಳಲೆ, ಕೆಳಗಿನ ಗೇರುಸೊಪ್ಪ, ಈ ಎರಡು ಜಲಾಶಯಗಳ ನಡುವೆ ಸಿಂಗಳೀಕ ಅಭಯಾರಣ್ಯದ ನೆಲದಡಿ ಸುರಂಗ ಕೊರೆದು 2,000 ಮೆಗಾವಾಟ್ ಸಾಮರ್ಥ್ಯದ ಘಟಕಗಳನ್ನು ಕೂರಿಸುವ ಯೋಜನೆ. ಅದಕ್ಕೆ ಸ್ಥಳೀಯರ, ಪರಿಸರದವರ ವಿರೋಧ. ಇಳಿದ ನೀರನ್ನೇ ಮತ್ತೆ ಮೇಲೆತ್ತುವುದಾದರೆ ಲಾಭವೆಲ್ಲಿ ಎಂದು ಅವರು ಕೇಳಿದರು.

ಉತ್ತರ ಹೇಳುತ್ತ ಹೋದಂತೆ ನಾಲ್ಕು ದಿನದ ಹಾದಿ ನನಗೇ ಹಿಂದುಮುಂದಾಗಿ ಕಾಣಿಸಿತು. ಯೂನಿಟ್ಟಿನ ಲೆಕ್ಕದಲ್ಲಿ ಅದು ನಷ್ಟವೇ, ನಾಲ್ಕು ಯೂನಿಟ್ ಸುಟ್ಟು ಎತ್ತಿದ ನೀರು ಮೂರರ ಸುತ್ತಮುತ್ತ ಹಿಂದಿರುಗಿಸುತ್ತದೆ. ಆದರೆ ಮಧ್ಯಾಹ್ನ ಒಂದಕ್ಕೆ ಪಾವಗಡದಲ್ಲಿ ಹುಟ್ಟುವ ಕರೆಂಟು ಸಂಜೆ ಏಳಕ್ಕೆ ಇರುವುದಿಲ್ಲ, ಸಂಜೆ ಏಳಕ್ಕೇ ಎಲ್ಲ ಮನೆಗಳಲ್ಲೂ ದೀಪ, ಮಿಕ್ಸಿ, ಟಿವಿ ಶುರುವಾಗುತ್ತವೆ. ಮಧ್ಯಾಹ್ನದ ಅಗ್ಗದ ಬಿಸಿಲಿನಿಂದ ಇಲ್ಲಿ ನೀರೆತ್ತಿ, ಸಂಜೆ ಬಿಟ್ಟು, ದುಬಾರಿ ಹೊತ್ತಿನ ಕೊರತೆ ತುಂಬುವ ಲೆಕ್ಕ ಅದು. ಬಾಡಿಗೆಗೆ ಕೊಟ್ಟ ನೆಲದ ಬಿಸಿಲಿಗೆ ಮುಳುಗಿಸಿದ ನೆಲದ ನೀರು ಪೆಟ್ಟಿಗೆಯಾಗಬೇಕು. ಎಂಜಿನಿಯರಿಂಗ್ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ನನಗೆ ಕಾಣದು. ಹಳೆಯ ಲೆಕ್ಕ ಚುಕ್ತಾ ಆಗದ ಊರಿನಲ್ಲಿಯೇ ಹೊಸ ಲೆಕ್ಕ ತೆರೆಯುವ ಧೈರ್ಯ ಮಾತ್ರ ನನಗಿಲ್ಲ. ಶಿಕ್ಷಕರು ನನ್ನ ವಿವರಣೆಯನ್ನು ಕೊನೆಯವರೆಗೆ ಕೇಳಿ, ಹಾಗಾದರೆ ನೀವು ಯಾವ ಕಡೆಯವರು ಎಂದರು. ಲಾಂಚು ದಡ ಮುಟ್ಟಿತು.

ಜೋಗಕ್ಕೆ ಹೋದದ್ದು ಹೆಸರಿಗೆ. ಬಂಡೆ ಇತ್ತು, ಧಾರೆ ಇರಲಿಲ್ಲ. ಆ ವರ್ಷದ ಆಗಸ್ಟ್ ದೇಶದಲ್ಲಿ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದರು, ಮಲೆನಾಡಿನ ಹಲವು ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಅಕ್ಟೋಬರಿನಲ್ಲಿ ಜಲಾಶಯಗಳಲ್ಲಿ ನೀರಿಲ್ಲ, ಪಂಪ್‌ಸೆಟ್ಟುಗಳಿಗೆ ಬೇಡಿಕೆ ವಿಪರೀತ. ಹೊಲಗಳಿಗೆ ಮೂರು ಫೇಸ್ ಕರೆಂಟಿನ ತಾಸುಗಳನ್ನು ಕಡಿತ ಮಾಡಿದರು. ಮಳೆ ಬರದಿದ್ದರೆ ನೀರೂ ಹೋಗುತ್ತದೆ, ನೀರೆತ್ತುವ ಕರೆಂಟೂ ಹೋಗುತ್ತದೆ. ಇವೆರಡೂ ಒಂದೇ ವಾರದಲ್ಲಿ ಹೋಗುವುದನ್ನು ನಾನು ನೌಕರಿಯಲ್ಲಿದ್ದಾಗ ಹಲವು ಸಲ ಕಂಡಿದ್ದರೂ ಅದರ ಬೇರು ಎಲ್ಲೆಲ್ಲಿದೆಯೆಂದು ನಡೆದು ನೋಡಿದ್ದು ಆ ಐದು ದಿನಗಳಲ್ಲಿ.

ಸಾಗರದಿಂದ ಬೆಂಗಳೂರಿಗೆ ರಾತ್ರಿ ಬಸ್ಸು. ಹೊಸ ಚಪ್ಪಲಿ ಹಾಕಿಕೊಂಡ ಹೆಂಡತಿ ಸೊನ್ನೆ ಟಿಕೆಟ್ಟಿನ ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ಏನೋ ಬರೆಯುತ್ತಿದ್ದಳು. ಇಣುಕಿದೆ. 21,000ದಿಂದ ಶುರುಮಾಡಿ ಎರಡು ವರ್ಷಕ್ಕೊಮ್ಮೆ ಶೇ 5 ಕೂಡುತ್ತ ಹೋಗಿದ್ದಳು. ಹದಿನಾಲ್ಕನೆಯ ಕಂತಿನಲ್ಲಿ 39,600ರ ಹತ್ತಿರ ಬಂದಿತ್ತು. ಇಪ್ಪತ್ತೆಂಟು ವರ್ಷಕ್ಕೆ ಬಾಡಿಗೆ ದುಪ್ಪಟ್ಟೂ ಆಗುವುದಿಲ್ಲವಲ್ಲ, ಅಷ್ಟರಲ್ಲಿ ಅಕ್ಕಿಯ ಬೆಲೆ ಎಷ್ಟಾಗಿರುತ್ತದೆ ಎಂದಳು. ನಾನು ಉತ್ತರಿಸುವ ಮೊದಲೇ, ಅಪ್ಪನ ನಾಲ್ಕು ಎಕರೆಗೆ 1964ರಿಂದ ಲೆಕ್ಕ ಹಾಕಬೇಕು, ಇದರಲ್ಲಿ ಜಾಗ ಮುಗಿಯಿತು, ನಿಮ್ಮ ಟಿಕೆಟ್ ಕೊಡಿ ಎಂದು ಕೈ ಚಾಚಿದಳು.